ಒಂದೇ ಟ್ರಾಲಿ, ಎರಡು ನಿವೃತ್ತಿ ವಯಸ್ಸು: ನರ್ಗೇಶ್ ಮಿರ್ಜಾ ಕೇಸ್ ಮತ್ತು ಕ್ಯಾಬಿನ್ ಕ್ರೂ ಕೆಲಸ

ಕ್ಯಾಬಿನ್ ಕ್ರೂ ಆಗ್ಬೇಕು ಅಂತ ಹೊರಟಿರೋ ಹುಡುಗಿಯರು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ. ಹೈಟ್ ಎಷ್ಟಿರ್ಬೇಕು, ಕೈ ಮೇಲೆ ಟ್ಯಾಟೂ ಇದ್ರೆ ನಡೆಯುತ್ತಾ, ಇಂಗ್ಲಿಷ್ ಅಷ್ಟು ಸರಾಗವಾಗಿ ಬರಲ್ಲ ಏನ್ ಮಾಡ್ಲಿ, ತಿಂಗಳಿಗೆ ಕೈಗೆ ಎಷ್ಟು ಬರುತ್ತೆ. ಎಲ್ಲಾ ಬೇಕಾದ ಪ್ರಶ್ನೆಗಳೇ, ಬೇಡ ಅನ್ನಲ್ಲ. ಆದ್ರೆ ಈ ಕೆಲಸದಲ್ಲಿ ನನ್ನನ್ನ ಎಷ್ಟು ವರ್ಷ ಇಟ್ಕೋತಾರೆ, ಮದುವೆ ಆದ್ರೆ, ಬಸುರಿ ಆದ್ರೆ, ನಲವತ್ತು ದಾಟಿದ್ರೆ ಏನ್ ಮಾಡ್ತಾರೆ, ಅದನ್ನ ತೀರ್ಮಾನ ಮಾಡೋರು ಯಾರು ಅನ್ನೋದನ್ನ ಕೇಳೋರು ತುಂಬಾ ಕಮ್ಮಿ. ಈ ಪ್ರಶ್ನೆಯನ್ನ ನಮ್ಮ ದೇಶದಲ್ಲಿ ನೇರವಾಗಿ ಕೋರ್ಟ್ ಮುಂದೆ ಇಟ್ಟೋರು ಏರ್ ಇಂಡಿಯಾದ ಗಗನಸಖಿಯರು, 1980ರಲ್ಲಿ. ಆ ಕೇಸ್ ಹೆಸರು ಏರ್ ಇಂಡಿಯಾ ವರ್ಸಸ್ ನರ್ಗೇಶ್ ಮಿರ್ಜಾ, ತೀರ್ಪು ಬಂದಿದ್ದು 1981ರ ಆಗಸ್ಟ್ 28ಕ್ಕೆ. ಲಾ ಓದೋರಿಗೆ ಇದು ಪರೀಕ್ಷೆಗೆ ಬರೋ ಕೇಸ್. ನನ್ನ ಪ್ರಕಾರ ಇದನ್ನ ಓದ್ಲೇಬೇಕಾದವರು ಈ ಕೆಲಸಕ್ಕೆ ಸೇರೋ ಹುಡುಗಿಯರು, ಅದಕ್ಕೇ ಪೂರ್ತಿ ಬರೀತಿದೀನಿ.

ಮೊದಲು ಆಗಿನ ಪರಿಸ್ಥಿತಿ ಹೇಳ್ತೀನಿ. 1953ರಲ್ಲಿ ಏರ್ ಕಾರ್ಪೊರೇಷನ್ಸ್ ಆಕ್ಟ್ ತಂದು ವಿಮಾನ ಕಂಪನಿಗಳನ್ನ ರಾಷ್ಟ್ರೀಕರಣ ಮಾಡಿದ್ರಲ್ಲ, ಆಮೇಲೆ ವಿದೇಶಕ್ಕೆ ಹೋಗೋಕೆ ಏರ್ ಇಂಡಿಯಾ, ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್ ಅಂತ ಎರಡೇ ಸರ್ಕಾರಿ ಕಾರ್ಪೊರೇಷನ್. ಅಂದ್ರೆ ವಿಮಾನದಲ್ಲಿ ಕೆಲಸ ಮಾಡ್ಬೇಕು ಅಂತ ಆಸೆ ಇರೋ ಹುಡುಗಿಗೆ ಇಲ್ಲಿ ಇದ್ದಿದ್ದು ಎರಡೇ ಬಾಗಿಲು, ಆ ಎರಡೂ ಸರ್ಕಾರದ್ದು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಇದರಿಂದಾನೇ ಒಂದು ದೊಡ್ಡ ವ್ಯತ್ಯಾಸ ಆಗುತ್ತೆ.

ಏರ್ ಇಂಡಿಯಾ ವಿಮಾನದ ಕ್ಯಾಬಿನ್‌ನಲ್ಲಿ ಎರಡು ಥರದ ಸಿಬ್ಬಂದಿ ಇರ್ತಿದ್ರು. ಹೆಂಗಸರಾದ್ರೆ ಏರ್ ಹೋಸ್ಟೆಸ್, ಗಂಡಸರಾದ್ರೆ ಅಸಿಸ್ಟೆಂಟ್ ಫ್ಲೈಟ್ ಪರ್ಸರ್. ಊಟದ ಟ್ರಾಲಿಯ ಈ ಕಡೆ ಒಬ್ಬರು ಆ ಕಡೆ ಒಬ್ಬರು ಹಿಡ್ಕೊಂಡು ಅದೇ ಸೀಟುಗಳ ಮಧ್ಯೆ ತಳ್ಕೊಂಡು ಹೋಗ್ತಿದ್ರು, ಟರ್ಬ್ಯುಲೆನ್ಸ್ ಬಂದ್ರೆ ಇಬ್ಬರೂ ಜಂಪ್ ಸೀಟ್‌ಗೆ ಹೋಗಿ ಬೆಲ್ಟ್ ಹಾಕ್ಕೋಬೇಕಿತ್ತು, ಎಮರ್ಜೆನ್ಸಿ ಆದ್ರೆ ಇಬ್ಬರೂ ಬಾಗಿಲು ತೆಗೆದು ಜನರನ್ನ ಹೊರಗೆ ಕಳಿಸ್ಬೇಕಿತ್ತು. ಆದ್ರೆ ಆ ಗಂಡಸು ರಿಟೈರ್ ಆಗೋದು 58ಕ್ಕೆ. ಹೆಂಗಸಿನ ನಿವೃತ್ತಿ ಬಗ್ಗೆ ಏರ್ ಇಂಡಿಯಾ ಸರ್ವಿಸ್ ರೆಗ್ಯುಲೇಷನ್ 46ರಲ್ಲಿ ಬೇರೇನೇ ಬರೆದಿತ್ತು. 35 ವರ್ಷ ತುಂಬಿದಾಗ, ಅಥವಾ ಸೇರಿದ ನಾಲ್ಕು ವರ್ಷದೊಳಗೆ ಮದುವೆ ಆದ್ರೆ, ಅಥವಾ ಮೊದಲ ಸಲ ಗರ್ಭಿಣಿ ಆದ್ರೆ, ಈ ಮೂರರಲ್ಲಿ ಯಾವುದು ಮೊದಲು ಬರುತ್ತೋ ಆಗ ಕೆಲಸ ಮುಗೀತು.

ಇದನ್ನ ಒಬ್ಬಳು ಹುಡುಗಿಯ ವಯಸ್ಸಿಗೆ ಹಾಕಿ ನೋಡಿದ್ರೆ ಎಷ್ಟು ಇಕ್ಕಟ್ಟು ಅಂತ ಗೊತ್ತಾಗುತ್ತೆ. ಇಪ್ಪತ್ತೊಂದಕ್ಕೆ ಸೇರಿದ್ಲು ಅಂತ ಇಟ್ಕೊಳ್ಳಿ. ಇಪ್ಪತ್ತೈದರ ತನಕ ಮದುವೆ ಆಗೋ ಹಾಗಿಲ್ಲ, ಮನೇಲಿ ಗಂಡು ನೋಡಿದ್ರೂ ಒಪ್ಪೋ ಹಾಗಿಲ್ಲ, ಒಪ್ಪಿದ್ರೆ ಕೆಲಸ ಹೋಯ್ತು. ಇಪ್ಪತ್ತಾರಕ್ಕೆ ಮದುವೆ ಆದ್ಲು, ಕೆಲಸ ಉಳೀತು. ಇಪ್ಪತ್ತೆಂಟಕ್ಕೆ ಬಸುರಿ ಆದ್ಲು, ಕೆಲಸ ಹೋಯ್ತು. ಮಕ್ಕಳೇ ಬೇಡ ಅಂತ ಇದ್ಬಿಟ್ರೆ 35ರ ತನಕ ಹಾರಬಹುದು. ಅಲ್ಲಿಂದ ಮುಂದಕ್ಕೆ ರೆಗ್ಯುಲೇಷನ್ 47 ಬರುತ್ತೆ, ಮೆಡಿಕಲ್ ಫಿಟ್ ಇದ್ರೆ ಒಂದೊಂದೇ ವರ್ಷ ಅಂತ ಹತ್ತು ವರ್ಷದ ತನಕ, ಅಂದ್ರೆ 45ರ ತನಕ ಮುಂದುವರಿಸಬಹುದು. ಆದ್ರೆ ಅದು ಮ್ಯಾನೇಜಿಂಗ್ ಡೈರೆಕ್ಟರ್ ಇಷ್ಟ. ಪ್ರತಿ ವರ್ಷ ಆ ಒಬ್ಬ ವ್ಯಕ್ತಿ ಹೂಂ ಅನ್ಬೇಕು. ಯಾಕೆ ಹೂಂ ಅಂದ್ರು, ಯಾಕೆ ಊಹೂಂ ಅಂದ್ರು ಅಂತ ಕೇಳೋಕೆ ಯಾವ ನಿಯಮಾನೂ ಇರ್ಲಿಲ್ಲ. ಮೂವತ್ತೇಳರ ಒಬ್ಬ ಅನುಭವಿ ಹೆಂಗಸು ವರ್ಷ ವರ್ಷ ಹೀಗೆ ಕಾಯ್ತಾ ಕೂರೋದು ಹೇಗಿರುತ್ತೆ ಅಂತ ಯೋಚನೆ ಮಾಡಿ, ಮೇಲಿನವರ ಮುಂದೆ ಒಂದು ಮಾತು ಗಟ್ಟಿಯಾಗಿ ಆಡೋಕೂ ಧೈರ್ಯ ಬರಲ್ಲ.

ಇಂಥ ನಿಯಮ ನಮ್ಮಲ್ಲಿ ಮಾತ್ರ ಇತ್ತು ಅಂತಲ್ಲ. ಜಗತ್ತಿನ ಮೊದಲ ಏರ್ ಹೋಸ್ಟೆಸ್ ಅಂತ ಹೆಸರಾದ ಎಲೆನ್ ಚರ್ಚ್ 1930ರ ಮೇ 15ಕ್ಕೆ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ವಿಮಾನದಲ್ಲಿ ಹಾರಿದ್ರು, ಅವರು ನರ್ಸ್ ಆಗಿದ್ದವರು. ಅಲ್ಲಿಂದ ದಶಕಗಟ್ಲೆ ಅಮೆರಿಕದ ಏರ್‌ಲೈನ್‌ಗಳೂ ಮದುವೆ ಆದವರನ್ನ ಮನೆಗೆ ಕಳಿಸ್ತಿದ್ವು. 1964ರ ಸಿವಿಲ್ ರೈಟ್ಸ್ ಆಕ್ಟ್ (ಕೆಲಸದಲ್ಲಿ ಭೇದ ಮಾಡೋ ಹಾಗಿಲ್ಲ ಅನ್ನೋ ಅಲ್ಲಿನ ಕಾನೂನು) ಬಂದ ಮೇಲೆ ಅಲ್ಲಿನ ಹೆಂಗಸರು ಕೇಸ್ ಮೇಲೆ ಕೇಸ್ ಹಾಕಿ ಆ ನಿಯಮವನ್ನ ತೆಗೆಸಿದ್ರು, 1971ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿರುದ್ಧ ಒಬ್ಬರು ಗೆದ್ದಿದ್ದು ಅದರಲ್ಲಿ ಮುಖ್ಯವಾದದ್ದು. ಅದಾಗಿ ಹತ್ತು ವರ್ಷಕ್ಕೆ ನಮ್ಮ ಸುಪ್ರೀಂ ಕೋರ್ಟ್ ಅದೇ ಪ್ರಶ್ನೆಗೆ ಉತ್ತರ ಹೇಳ್ಬೇಕಾಯ್ತು.

ಇಲ್ಲಿ ಕನ್ನಡದವರು ನೆನಪಿಟ್ಕೋಬೇಕಾದ ಇನ್ನೊಂದು ಕೇಸ್ ಇದೆ. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ, ದೇಶದ ಮೊದಲ ಐಎಫ್‌ಎಸ್ ಮಹಿಳಾ ಅಧಿಕಾರಿ. ವಿದೇಶಾಂಗ ಸೇವೆಯ ರೂಲ್ಸ್ ಪ್ರಕಾರ ಹೆಣ್ಣು ಅಧಿಕಾರಿ ಮದುವೆ ಆಗೋಕೆ ಸರ್ಕಾರದ ಪರ್ಮಿಷನ್ ತಗೋಬೇಕಿತ್ತು, ಸಂಸಾರದಿಂದ ಕೆಲಸಕ್ಕೆ ಅಡ್ಡಿ ಆಗುತ್ತೆ ಅಂತ ಸರ್ಕಾರಕ್ಕೆ ಅನ್ನಿಸಿದ್ರೆ ರಾಜೀನಾಮೆ ಕೊಡಿ ಅಂತಾನೂ ಹೇಳಬಹುದಿತ್ತು. ಮುತ್ತಮ್ಮ ಅದನ್ನ ಸುಪ್ರೀಂ ಕೋರ್ಟ್‌ಗೆ ಒಯ್ದರು. 1979ರಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಬರೆದ ತೀರ್ಪು ಸರ್ಕಾರವನ್ನ ಚೆನ್ನಾಗೇ ತರಾಟೆಗೆ ತಗೊಂಡಿತ್ತು, ಹೆಂಡತಿ ಸಂಸಾರದಿಂದ ಕೆಲಸಕ್ಕೆ ಅಡ್ಡಿ ಆದ್ರೆ ಗಂಡನ ಸಂಸಾರದಿಂದಾನೂ ಆಗ್ಬೇಕಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ಗಗನಸಖಿಯರ ಕೇಸ್ ಶುರುವಾಗೋ ಹೊತ್ತಿಗೆ ಆ ತೀರ್ಪು ಇನ್ನೂ ಹೊಸದು. ಅವರಿಗೆ ಭರವಸೆ ಇದ್ದಿದ್ರೆ ಅದರಲ್ಲಿ ಆಶ್ಚರ್ಯ ಇಲ್ಲ.

ನರ್ಗೇಶ್ ಮಿರ್ಜಾ ಮತ್ತು ಸಂಗಡಿಗರು ಬಾಂಬೆ ಹೈಕೋರ್ಟ್‌ಗೆ ರಿಟ್ ಹಾಕಿದ್ರು, ಅಂದ್ರೆ ಸರ್ಕಾರ ನಮ್ಮ ಹಕ್ಕು ಮೀರಿದೆ ಅಂತ ನೇರವಾಗಿ ಹೈಕೋರ್ಟಿಗೇ ಹಾಕೋ ಅರ್ಜಿ. ಏರ್ ಇಂಡಿಯಾ ಅದನ್ನ ಸುಪ್ರೀಂ ಕೋರ್ಟ್‌ಗೆ ವರ್ಗಾಯಿಸಿಕೊಂಡಿತು, ಇಂಡಿಯನ್ ಏರ್‌ಲೈನ್ಸ್ ಗಗನಸಖಿಯರ ಅರ್ಜಿಗಳೂ ಅಲ್ಲಿ ಸೇರ್ಕೊಂಡ್ವು. ಬೆಂಚ್‌ನಲ್ಲಿ ಜಸ್ಟಿಸ್ ಮುರ್ತಜಾ ಫಜಲ್ ಅಲಿ, ವರದರಾಜನ್, ಎ.ಎನ್. ಸೇನ್. ತೀರ್ಪು ಬರೆದವರು ಫಜಲ್ ಅಲಿ. ವಾದ ಸರಳ, ನಾವೂ ಕ್ಯಾಬಿನ್ ಕ್ರೂ, ಅವರೂ ಕ್ಯಾಬಿನ್ ಕ್ರೂ, ನಾವು ಹೆಂಗಸರು ಅನ್ನೋ ಒಂದೇ ಕಾರಣಕ್ಕೆ ನಮಗೆ 35, ಅವರಿಗೆ 58, ಇದು ಸಮಾನತೆಯ ಹಕ್ಕು ಕೊಡೋ ಸಂವಿಧಾನದ 14, 15, 16ನೇ ವಿಧಿಗೆ ವಿರುದ್ಧ.

ಕಾರ್ಪೊರೇಷನ್ ಕೊಟ್ಟ ಉತ್ತರವನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಇಡೀ ಕೇಸ್ ತಿರುಗಿದ್ದೇ ಅಲ್ಲಿ. ನಾವು ಹೆಂಗಸು ಗಂಡಸು ಅಂತ ಭೇದ ಮಾಡಿಲ್ಲ, ಇವು ಎರಡು ಬೇರೆ ಬೇರೆ ಹುದ್ದೆ ಅಂತ ಅವರು ಹೇಳಿದ್ರು. ನೇಮಕ ಮಾಡೋ ರೀತಿ ಬೇರೆ, ವಿದ್ಯಾರ್ಹತೆ ಬೇರೆ, ಸಂಬಳದ ಸ್ಕೇಲ್ ಬೇರೆ, ಪ್ರಮೋಷನ್ ದಾರಿ ಬೇರೆ. ಗಗನಸಖಿ ಮೇಲೇರಿದ್ರೆ ಚೀಫ್ ಏರ್ ಹೋಸ್ಟೆಸ್ ಆಗ್ತಾಳೆ, ಅಸಿಸ್ಟೆಂಟ್ ಫ್ಲೈಟ್ ಪರ್ಸರ್ ಆದವನು ಫ್ಲೈಟ್ ಪರ್ಸರ್ ಆಗಿ ಆಮೇಲೆ ಇನ್‌ಫ್ಲೈಟ್ ಸೂಪರ್‌ವೈಸರ್ ಆಗ್ತಾನೆ. ಸಾಲದು ಅಂತ 1979ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಈಕ್ವಲ್ ರೆಮ್ಯುನರೇಷನ್ ಆಕ್ಟ್ (ಸಮಾನ ವೇತನದ ಕಾನೂನು) ಅಡಿಯಲ್ಲಿ ಒಂದು ಘೋಷಣೆ ಹೊರಡಿಸಿತ್ತು, ಈ ಎರಡು ಹುದ್ದೆಗಳ ಮಧ್ಯೆ ಇರೋ ವ್ಯತ್ಯಾಸಕ್ಕೆ ಲಿಂಗ ಕಾರಣ ಅಲ್ಲ ಅಂತ. ಕೋರ್ಟ್ ಇದನ್ನ ಒಪ್ಕೊಂಡುಬಿಡ್ತು. ಎರಡೂ ಬೇರೆ ಬೇರೆ ವರ್ಗ, ಹಾಗಾಗಿ ಹೋಲಿಸೋ ಹಾಗೇ ಇಲ್ಲ, 14ನೇ ವಿಧಿ ಅಲ್ಲಿಗೆ ಬರಲ್ಲ. 15 ಮತ್ತು 16ನೇ ವಿಧಿ ತಡೆಯೋದು ಬರೀ ಲಿಂಗದ ಕಾರಣಕ್ಕೆ ಮಾಡಿದ ಭೇದವನ್ನ, ಲಿಂಗದ ಜೊತೆ ಬೇರೆ ಕಾರಣಗಳೂ ಸೇರಿದ್ರೆ ಅದು ತಪ್ಪಾಗಲ್ಲ ಅಂತ ಹೇಳ್ತು.

ನನಗೆ ಇದನ್ನ ಓದಿದಾಗೆಲ್ಲ ಸಿಟ್ಟು ಬರುತ್ತೆ. ಹೆಂಗಸರನ್ನ ಮಾತ್ರ ತಗೊಳ್ಳೋ ಹುದ್ದೆ ಒಂದು, ಗಂಡಸರನ್ನ ಮಾತ್ರ ತಗೊಳ್ಳೋ ಹುದ್ದೆ ಇನ್ನೊಂದು ಅಂತ ಮಾಡಿದ್ದು ಯಾರು? ಅದೇ ಕಾರ್ಪೊರೇಷನ್. ಹೆಣ್ಣುಮಗಳು ಪರ್ಸರ್ ಹುದ್ದೆಗೆ ಅರ್ಜಿ ಹಾಕೋ ಹಾಗಿದ್ದಿದ್ರೆ ಈ ವಾದಕ್ಕೆ ಒಂದು ಬೆಲೆ ಇರ್ತಿತ್ತು. ಮೊದಲು ಲಿಂಗ ನೋಡಿ ಎರಡು ಸಾಲು ಮಾಡೋದು, ಆಮೇಲೆ ಸಾಲೇ ಬೇರೆ, ಅದಕ್ಕೇ ರೂಲ್ಸೂ ಬೇರೆ ಅನ್ನೋದು, ಇದನ್ನ ದೇಶದ ಅತಿ ದೊಡ್ಡ ಕೋರ್ಟ್ ಒಪ್ಪಬಾರದಿತ್ತು.

ಆದ್ರೂ ಗಗನಸಖಿಯರು ಪೂರ್ತಿ ಸೋಲ್ಲಿಲ್ಲ. ಎರಡು ಹುದ್ದೆಗಳನ್ನ ಹೋಲಿಸೋದು ಬಿಟ್ಟು, ಈ ನಿಯಮಗಳು ತಮ್ಮಷ್ಟಕ್ಕೇ ನ್ಯಾಯವಾಗಿವೆಯಾ ಅಂತ ಕೋರ್ಟ್ ಒಂದೊಂದಾಗಿ ನೋಡ್ತು.

ಮೊದಲ ಬಸಿರಿಗೆ ಕೆಲಸ ಹೋಗೋ ನಿಯಮ ಪೂರ್ತಿ ಬಿತ್ತು. ಕೋರ್ಟ್ ಬಳಸಿದ ಮಾತುಗಳು ತೀಕ್ಷ್ಣವಾಗಿದ್ವು, ಇದು ನಿರ್ದಯ, ಕ್ರೂರ, ಭಾರತೀಯ ಸ್ತ್ರೀತ್ವಕ್ಕೆ ಬಹಿರಂಗವಾಗಿ ಮಾಡಿದ ಅವಮಾನ ಅಂತ. ನಾಲ್ಕು ವರ್ಷ ಆದ್ಮೇಲೆ ಮದುವೆ ಆಗು ಅಂತ ನೀವೇ ಬಿಟ್ಟು, ಮದುವೆ ಆದವಳು ಬಸುರಿ ಆದ್ರೆ ತೆಗೀತೀವಿ ಅನ್ನೋದು ಆಕೆಗೆ ಮಕ್ಕಳೇ ಆಗಬಾರದು ಅಂತ ಬಲವಂತ ಮಾಡಿದ ಹಾಗೆ ಅನ್ನೋದು ಅಲ್ಲಿನ ತರ್ಕ. ಗಗನಸಖಿಯರು ಹರೆಯದಲ್ಲಿರ್ಬೇಕು, ನೋಡೋಕೆ ಚೆನ್ನಾಗಿರ್ಬೇಕು ಅನ್ನೋ ವಾದಾನೂ ಕಾರ್ಪೊರೇಷನ್ ಕಡೆಯಿಂದ ಬಂದಿತ್ತು, ಅದನ್ನೂ ಕೋರ್ಟ್ ಖಂಡಿಸಿ ತಳ್ಳಿಹಾಕ್ತು. ಆದ್ರೆ ಅದೇ ತೀರ್ಪಲ್ಲಿ ಇನ್ನೊಂದು ಮಾತೂ ಇದೆ, ಮೊದಲ ಬಸಿರಿನ ಬದಲು ಎರಡು ಮಕ್ಕಳಿದ್ದು ಮೂರನೇ ಬಸಿರಾದಾಗ ಅಂತ ತಿದ್ದಿದ್ರೆ ಅದು ಸರಿ ಹೋಗುತ್ತೆ ಅಂತ. ಜನಸಂಖ್ಯೆ ಹತೋಟಿ ಅನ್ನೋದು ಆಗ ಎಲ್ಲೆಲ್ಲೂ ಕೇಳಿಬರ್ತಿದ್ದ ಮಾತು, ಕೋರ್ಟ್ ಕೂಡ ಅದರಿಂದ ಹೊರಗಿರ್ಲಿಲ್ಲ.

ಮ್ಯಾನೇಜಿಂಗ್ ಡೈರೆಕ್ಟರ್ ಇಷ್ಟದ ಮೇಲೆ ನಿಂತಿದ್ದ ಎಕ್ಸ್‌ಟೆನ್ಷನ್ ಕೂಡ ಬಿತ್ತು. ಯಾವ ಮಾರ್ಗಸೂಚಿನೂ ಇಲ್ಲದೆ ಒಬ್ಬ ಅಧಿಕಾರಿಗೆ ಇಷ್ಟು ಅಧಿಕಾರ ಕೊಟ್ರೆ ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ತಪ್ಪಿಸೋಕೆ ದಾರಿ ಆಗುತ್ತೆ ಅಂತ ಕೋರ್ಟ್ ಹೇಳ್ತು. ಇದರಿಂದ ಮೆಡಿಕಲ್ ಫಿಟ್ ಇರೋರು 45ರ ತನಕ ಹಾರೋದಕ್ಕೆ ಒಬ್ಬರ ಮರ್ಜಿ ಕಾಯೋದು ತಪ್ಪಿತು. ಪೇಪರ್‌ನವರು ಬಸಿರಿನ ವಿಷಯಾನೇ ದೊಡ್ಡದು ಮಾಡಿ ಬರೀತಾರೆ, ಅದು ದೊಡ್ಡದೇ, ಆದ್ರೆ ದಿನಾ ಕೆಲಸಕ್ಕೆ ಹೋಗೋ ಹೆಂಗಸಿಗೆ ಈ ಎರಡನೇದು ಅದಕ್ಕಿಂತ ಕಮ್ಮಿ ಗೆಲುವಲ್ಲ ಅಂತ ನನಗನ್ಸುತ್ತೆ. ಮೇಲಿನವರು ಖುಷಿಯಾಗಿದ್ರೆ ಕೆಲಸ, ಇಲ್ದಿದ್ರೆ ಮನೆ ಅನ್ನೋ ಜಾಗದಲ್ಲಿ ಬೇರೆ ಯಾವ ಹಕ್ಕಿದ್ರೂ ಬಾಯಿ ಬಿಡೋಕಾಗಲ್ಲ.

ನಾಲ್ಕು ವರ್ಷದೊಳಗೆ ಮದುವೆ ಬೇಡ ಅನ್ನೋ ನಿಯಮವನ್ನ ಮಾತ್ರ ಕೋರ್ಟ್ ಎತ್ತಿಹಿಡೀತು. ಬರೀ ಎತ್ತಿಹಿಡಿದಿದ್ದಲ್ಲ, ಒಳ್ಳೇ ನಿಯಮ ಅಂತ ಹೊಗಳಿತು. 19 ರಿಂದ 26ರ ಒಳಗೆ ಸೇರೋ ಹುಡುಗಿ ನಾಲ್ಕು ವರ್ಷ ಕಾದ್ರೆ ಪ್ರಬುದ್ಧತೆ ಬಂದಿರುತ್ತೆ, ಆರೋಗ್ಯಕ್ಕೂ ಒಳ್ಳೇದು, ಕುಟುಂಬ ಯೋಜನೆಗೂ ಒಳ್ಳೇದು, ಟ್ರೈನಿಂಗ್‌ಗೆ ಹಾಕಿದ ದುಡ್ಡೂ ಕಾರ್ಪೊರೇಷನ್‌ಗೆ ದಂಡ ಆಗಲ್ಲ ಅಂತ ಕಾರಣ ಕೊಡ್ತು. ಅದೇ ವಯಸ್ಸಲ್ಲಿ ಸೇರೋ ಪರ್ಸರ್‌ಗೂ ಟ್ರೈನಿಂಗ್ ಖರ್ಚು ಇದ್ದೇ ಇತ್ತು, ಅವನಿಗೆ ಪ್ರಬುದ್ಧತೆ ಬರೋ ತನಕ ಕಾಯಿ ಅಂತ ಯಾರೂ ಹೇಳ್ಲಿಲ್ಲ. 35 ಅನ್ನೋ ವಯಸ್ಸನ್ನೂ ಅದರಷ್ಟಕ್ಕೆ ತಪ್ಪು ಅನ್ನಲಿಲ್ಲ, ನಿವೃತ್ತಿ ವಯಸ್ಸು ಇಡೋದು ಮ್ಯಾನೇಜ್‌ಮೆಂಟ್‌ಗೆ ಬಿಟ್ಟಿದ್ದು ಅಂತು.

ಹಾಗಾಗಿ 1981ರ ಆಗಸ್ಟ್ ಮುಗಿಯೋ ಹೊತ್ತಿಗೆ ಟ್ರಾಲಿಯ ಒಂದು ಕಡೆ 45, ಇನ್ನೊಂದು ಕಡೆ 58.

ಮುಂದಿನ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಗನಸಖಿಯರು ಜಗಳ ಆಡಿದ್ದು ಈ ಹದಿಮೂರು ವರ್ಷದ ಅಂತರಕ್ಕಾಗಿ. ಸಂಸತ್ತಿನ ತನಕ ಅರ್ಜಿ ಹೋಯ್ತು, ಎಂಬತ್ತರ ದಶಕದ ಕೊನೆಗೆ ಸರ್ಕಾರ ನಿವೃತ್ತಿ ವಯಸ್ಸನ್ನ 58 ಮಾಡ್ತು. ಆದ್ರೆ ಹಾರೋದು ಬೇರೆ, ಕೆಲಸದಲ್ಲಿ ಇರೋದು ಬೇರೆ. ಏರ್ ಇಂಡಿಯಾದಲ್ಲಿ ಹೆಂಗಸರಿಗೆ 50ರ ತನಕ ಹಾರಾಟ, ಅಲ್ಲಿಂದ 58ರ ತನಕ ಗ್ರೌಂಡ್ ಡ್ಯೂಟಿ ಅನ್ನೋ ಏರ್ಪಾಡು ಬಂತು. ಹೊರಗಿನವರಿಗೆ ಇದು ಸರಿಯಾಗೇ ಕಾಣುತ್ತೆ, ವಯಸ್ಸಾಯ್ತು ಕೆಳಗೆ ಕೂತ್ಕೊಳ್ಲಿ ಬಿಡಿ ಅಂತ. ಈ ಕೆಲಸದಲ್ಲಿರೋರಿಗೆ ಗೊತ್ತು, ಸಂಬಳದ ದೊಡ್ಡ ಭಾಗ ಬರೋದೇ ಹಾರಿದ ಗಂಟೆಗಳಿಂದ, ಔಟ್‌ಸ್ಟೇಷನ್ ಅಲೊವೆನ್ಸ್‌ನಿಂದ. ಕೆಳಗೆ ಕೂರಿಸಿದ್ರೆ ಬೇಸಿಕ್ ಉಳಿಯುತ್ತೆ, ಮಿಕ್ಕಿದ್ದೆಲ್ಲ ಹೋಗುತ್ತೆ. ಬಾಂಬೆ ಹೈಕೋರ್ಟ್ ಈ ಭೇದವನ್ನ ಒಪ್ಪಲಿಲ್ಲ. ಅದರ ವಿರುದ್ಧ ಮೇಲ್ಮನವಿ ಹೋಯ್ತು, 2003ರಲ್ಲಿ ಯಶಸ್ವಿನಿ ಮರ್ಚೆಂಟ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನ ತಿರುಗಿಸಿ ಮತ್ತೆ ಮಿರ್ಜಾ ತೀರ್ಪಿನ ದಾರಿಯಲ್ಲೇ ಹೋಯ್ತು. ಆ ಕೇಸಲ್ಲಿ ಇನ್ನೊಂದು ಸಂಗತಿ ಇತ್ತು, ಹೆಂಗಸರೆಲ್ಲ ಒಂದೇ ಕಡೆ ಇರ್ಲಿಲ್ಲ, ಯೂನಿಯನ್ ಜೊತೆ ಆಗಿದ್ದ ಒಪ್ಪಂದಗಳಲ್ಲಿ ಬೇಗ ಕೆಳಗಿಳಿಯೋದನ್ನ ಒಪ್ಪಿದ್ದವರೂ ಇದ್ರು, ಕೋರ್ಟ್ ಅದಕ್ಕೆ ತುಂಬಾ ತೂಕ ಕೊಡ್ತು. ಕೋರ್ಟಲ್ಲಿ ಸೋತಿದ್ದು ಸರ್ಕಾರದ ಆದೇಶದಲ್ಲಿ ಸಿಕ್ತು, ಅದೇ ವರ್ಷ ಹೆಂಗಸರೂ ಗಂಡಸರ ಹಾಗೆ 58ರ ತನಕ ಹಾರಬಹುದು ಅಂತ ಸೂಚನೆ ಬಂತು.

ಇನ್‌ಫ್ಲೈಟ್ ಸೂಪರ್‌ವೈಸರ್ ವಿಷಯ ಇನ್ನೂ ಉಳಿದಿತ್ತು. ಕ್ಯಾಬಿನ್ ಪೂರ್ತಿ ನೋಡ್ಕೊಳ್ಳೋ ಜವಾಬ್ದಾರಿ ಅದು, ಪರ್ಸರ್ ದಾರಿಯಲ್ಲಿ ಬಂದವರಿಗೇ ಮೀಸಲು ಅನ್ನೋ ಹಾಗಿತ್ತು. ಅಂದ್ರೆ ಎಷ್ಟೇ ಸೀನಿಯರ್ ಹೆಂಗಸಾದ್ರೂ ತನಗಿಂತ ಜೂನಿಯರ್ ಗಂಡಸಿನ ಕೈಕೆಳಗೆ ಹಾರ್ಬೇಕಾಗಿ ಬರ್ತಿತ್ತು. 2005ರಲ್ಲಿ ಏರ್ ಇಂಡಿಯಾ ಹೆಂಗಸರೂ ಆ ಡ್ಯೂಟಿ ಮಾಡಬಹುದು ಅಂತ ಆದೇಶ ಮಾಡ್ತು. ಗಂಡಸರು ಕೋರ್ಟಿಗೆ ಹೋದ್ರು. ದೆಹಲಿ ಹೈಕೋರ್ಟ್ ಅವರ ಮಾತು ಒಪ್ಪಲಿಲ್ಲ, 2011ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಮಿರ್ಜಾ ಕೇಸಿಗೆ ಆಗ ಮೂವತ್ತು ವರ್ಷ. 1981ರಲ್ಲಿ ಇಪ್ಪತ್ತೆರಡಕ್ಕೆ ಸೇರಿದ್ದ ಹುಡುಗಿಗೆ 2011ರಲ್ಲಿ ಐವತ್ತೆರಡು, ಅವಳ ಇಡೀ ಸರ್ವಿಸ್ ಈ ಜಗಳದಲ್ಲೇ ಕಳೆದಿರುತ್ತೆ.

ಮಿರ್ಜಾ ತೀರ್ಪಿನ ತರ್ಕಕ್ಕೂ ಕೊನೆಗೆ ಏಟು ಬಿತ್ತು. 2018ರಲ್ಲಿ ಸಲಿಂಗಕಾಮವನ್ನ ಅಪರಾಧ ಮಾಡಿದ್ದ ಸೆಕ್ಷನ್ 377ರ ಕೇಸಲ್ಲಿ ಜಸ್ಟಿಸ್ ಚಂದ್ರಚೂಡ್ ಬರೀತಾ, ಬರೀ ಲಿಂಗದ ಕಾರಣಕ್ಕೆ ಮಾಡಿದ್ರೆ ಮಾತ್ರ ಭೇದ ಅನ್ನೋ ಮಿರ್ಜಾ ಕೇಸಿನ ವ್ಯಾಖ್ಯಾನ ಸರಿ ಇಲ್ಲ ಅಂತ ವಿವರವಾಗಿ ಹೇಳಿದ್ರು, ಹೆಣ್ಣು ಹೀಗೇ ಇರ್ಬೇಕು ಅನ್ನೋ ಸಮಾಜದ ಕಲ್ಪನೆ ಮೇಲೆ ಮಾಡಿದ ಭೇದಾನೂ ಲಿಂಗಭೇದವೇ ಅಂತ. ಮದುವೆ ನಿಯಮದ ಬಗ್ಗೆ ಇನ್ನೂ ನೇರವಾದ ಮಾತು 2024ರ ಫೆಬ್ರವರಿಯಲ್ಲಿ ಬಂತು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದ ಒಬ್ಬ ಅಧಿಕಾರಿಯನ್ನ 1988ರಲ್ಲಿ ಮದುವೆ ಆದ ಕಾರಣಕ್ಕೆ ತೆಗೆದಿದ್ರು, ಸುಪ್ರೀಂ ಕೋರ್ಟ್ ಅದನ್ನ ಒರಟು ಲಿಂಗತಾರತಮ್ಯ ಅಂತ ಕರೆದು 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 1981ರಲ್ಲಿ ಹೊಗಳಿದ್ದ ಯೋಚನೆಯನ್ನ ಅದೇ ಕೋರ್ಟ್ 43 ವರ್ಷ ಆದ್ಮೇಲೆ ಹೀಗೆ ನೋಡ್ತು.

ಹಾಗಾದ್ರೆ ಈಗ ಎಲ್ಲಾ ಸರಿ ಹೋಯ್ತಲ್ಲ ಅಂತ ಅನ್ಸಬಹುದು. ಇಲ್ಲ. ಶುರುವಲ್ಲಿ ಹೇಳಿದ್ನಲ್ಲ, ಆಗ ಎರಡೂ ಬಾಗಿಲು ಸರ್ಕಾರದ್ದು ಅಂತ. ಮಿರ್ಜಾ ಮತ್ತು ಸಂಗಡಿಗರು ರಿಟ್ ಹಾಕೋಕೆ ಆಗಿದ್ದೇ ಅದರಿಂದ, 14, 15, 16 ಅನ್ನೋ ವಿಧಿಗಳು ಹಿಡಿದಿಡೋದು ಸರ್ಕಾರವನ್ನ ಮತ್ತು ಸರ್ಕಾರದ ಸಂಸ್ಥೆಗಳನ್ನ. 2022ರ ಜನವರಿ 27ಕ್ಕೆ ಏರ್ ಇಂಡಿಯಾ ಟಾಟಾ ಗ್ರೂಪ್‌ಗೆ ಹೋಯ್ತು. ಅದಕ್ಕಿಂತ ಮುಂಚೆ ಹಾಕಿದ್ದ ರಿಟ್‌ಗಳನ್ನ ಹಿಡ್ಕೊಂಡು ಬಂದ ಹಳೇ ಉದ್ಯೋಗಿಗಳಿಗೆ 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಕಂಪನಿ ಈಗ ಖಾಸಗಿ, ಅದರ ಮೇಲೆ ರಿಟ್ ನಡೆಯಲ್ಲ ಅಂತ. ಇವತ್ತು ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಹೋಗ್ತಿರೋ ಹುಡುಗಿ ಸೇರೋ ಏರ್‌ಲೈನ್ ಖಾಸಗಿಯದ್ದೇ ಅನ್ಕೊಳ್ಳಿ. ಅವಳಿಗೆ ಮಿರ್ಜಾ ಹೋದ ದಾರಿ ಮುಚ್ಚಿದೆ. ಅವಳ ಕೈಲಿರೋದು ಕಾರ್ಮಿಕ ಕಾನೂನು, ಮತ್ತೆ ಅವಳೇ ಸೈನ್ ಮಾಡೋ ಕಾಂಟ್ರ್ಯಾಕ್ಟ್.

ಅದಕ್ಕೇ ಆ ಕಾಂಟ್ರ್ಯಾಕ್ಟ್ ಓದಿ ಅಂತ ಗಂಟಲು ಹರ್ಕೊಳ್ಳೋದು. ಎಷ್ಟು ವರ್ಷದ ಅವಧಿ, ಮುಗಿದಾಗ ರಿನ್ಯೂ ಮಾಡೋರು ಯಾರು, ಯಾವ ಆಧಾರದ ಮೇಲೆ ಮಾಡ್ತಾರೆ, ಕಾರಣ ಬರೆದು ಕೊಡ್ತಾರಾ. ಮೇಲೆ ಹೇಳಿದ ರೆಗ್ಯುಲೇಷನ್ 47 ನೆನಪಿದ್ರೆ ಈ ಪ್ರಶ್ನೆ ಯಾಕೆ ಅಂತ ಗೊತ್ತಾಗುತ್ತೆ, ಯಾವ ಆಧಾರಾನೂ ಬರೆಯದ ರಿನ್ಯೂವಲ್ ಅಂದ್ರೆ ಒಬ್ಬರ ಮರ್ಜಿಯ ಎಕ್ಸ್‌ಟೆನ್ಷನ್ನೇ, ಬೇರೆ ಬಟ್ಟೆ ಹಾಕ್ಕೊಂಡು ಬಂದಿದೆ ಅಷ್ಟೆ. ಬಾಂಡ್ (ಇಷ್ಟು ತಿಂಗಳೊಳಗೆ ಕೆಲಸ ಬಿಟ್ರೆ ದುಡ್ಡು ಕಟ್ತೀನಿ ಅನ್ನೋ ಕರಾರು) ಇದ್ರೆ ಎಷ್ಟು ದುಡ್ಡು, ಎಷ್ಟು ತಿಂಗಳು, ಕಂಪನಿಯೇ ಕಳಿಸಿದ್ರೂ ಕಟ್ಟಬೇಕಾ ಅನ್ನೋದನ್ನೂ ನೋಡಿ. ಗಲ್ಫ್ ಕಡೆ ಹೋಗೋರು, ಮಂಗಳೂರು ಉಡುಪಿ ಕಡೆಯವರು ತುಂಬಾ ಜನ ಹೋಗ್ತಾರೆ, ಅಲ್ಲಿ ಇನ್ನೂ ಹುಷಾರಾಗಿ ಓದ್ಬೇಕು. ಕತಾರ್ ಏರ್‌ವೇಸ್ ಕಾಂಟ್ರ್ಯಾಕ್ಟ್‌ನಲ್ಲಿದ್ದ ಬಸಿರಿನ ನಿಯಮವನ್ನ 2015ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತಾರತಮ್ಯ ಅಂತ ಹೇಳ್ತು, ಆ ವರ್ಷವೇ ಕಂಪನಿ ನಿಯಮ ಸಡಿಲ ಮಾಡ್ತು. 1981 ಅಲ್ಲ, 2015.

ಮಧ್ಯದಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ಕೇಸಿಗೆ ಸಂಬಂಧ ಇಲ್ಲ ಆದ್ರೆ ದುಡ್ಡಿಗೆ ಸಂಬಂಧ ಇದೆ. ಏರ್ ಹೋಸ್ಟೆಸ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಸರ್ಟಿಫಿಕೇಟ್ ಇಲ್ದೆ ಕೆಲಸ ಸಿಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕಾನೂನು ಪ್ರಕಾರ ಬೇಕಿರೋ ಸೇಫ್ಟಿ ಟ್ರೈನಿಂಗ್ ಕೊಡೋದು ಕೆಲಸಕ್ಕೆ ತಗೊಂಡ ಏರ್‌ಲೈನ್, ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಕೊಟ್ಟ ಕ್ರಮದಲ್ಲಿ. ಇನ್‌ಸ್ಟಿಟ್ಯೂಟ್‌ನಲ್ಲಿ ಇಂಗ್ಲಿಷ್, ಗ್ರೂಮಿಂಗ್ ಕಲೀಬಹುದು, ಧೈರ್ಯ ಬರಬಹುದು, ಅಷ್ಟಕ್ಕೆ ಎಷ್ಟು ಕೊಡಬಹುದು ಅಂತ ಮನೆಯವರು ಕೂತು ಲೆಕ್ಕ ಹಾಕಿ, ಜಮೀನು ಅಡ ಇಡೋವಂಥದ್ದು ಏನೂ ಇಲ್ಲ.

ತೂಕದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಟ್ರಾಲಿಯ ಎರಡು ಕಡೆಗೆ ಎರಡು ಅಳತೆ ಅನ್ನೋದು ಅಲ್ಲಿ ಮತ್ತೆ ಕಾಣುತ್ತೆ. 2014ರಲ್ಲಿ ಡಿಜಿಸಿಎ ಕ್ಯಾಬಿನ್ ಕ್ರೂಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಮಿತಿ ತಂತು, ಗಂಡಸರಿಗೆ 18 ರಿಂದ 25 ನಾರ್ಮಲ್, ಹೆಂಗಸರಿಗೆ 18 ರಿಂದ 22. ಅಂದ್ರೆ 160 ಸೆಂಟಿಮೀಟರ್ ಎತ್ತರದ ಹೆಣ್ಣುಮಗಳು 56 ಕೆಜಿ ದಾಟಿದ್ರೆ ಓವರ್‌ವೆಯ್ಟ್ ಲೆಕ್ಕ, ಅಷ್ಟೇ ಎತ್ತರದ ಗಂಡಸು 64 ಕೆಜಿ ತನಕ ನಾರ್ಮಲ್. ಎಮರ್ಜೆನ್ಸಿಯಲ್ಲಿ ಇಬ್ಬರೂ ಎಳೆಯೋದು ಅದೇ ಬಾಗಿಲು. ವಿಮಾನ ಸರ್ಟಿಫೈ ಮಾಡುವಾಗ ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಲ್ಲಿ ಎಲ್ಲರನ್ನೂ ಇಳಿಸಬಹುದು ಅಂತ ತೋರಿಸ್ಬೇಕು, ಆ ಲೆಕ್ಕ ನಿಂತಿರೋದು ಕ್ಯಾಬಿನ್ ಕ್ರೂ ಮೇಲೆ. 1986ರ ಸೆಪ್ಟೆಂಬರ್ 5ಕ್ಕೆ ಕರಾಚಿಯಲ್ಲಿ ಪ್ಯಾನ್ ಆಮ್ ವಿಮಾನ ಹೈಜಾಕ್ ಆದಾಗ 22 ವರ್ಷದ ನೀರಜಾ ಭನೋಟ್ ಪ್ರಯಾಣಿಕರನ್ನ ಹೊರಗೆ ಕಳಿಸ್ತಾ ಪ್ರಾಣ ಕೊಟ್ಟರು, ಅಶೋಕ ಚಕ್ರ ಬಂತು. ಅವತ್ತು ಆ ವಿಮಾನದಲ್ಲಿ ಅವರ ಟ್ರೈನಿಂಗು, ಸಮಯಪ್ರಜ್ಞೆ ಕೆಲಸಕ್ಕೆ ಬಂದಿದ್ದು. ಇದು ಸೇಫ್ಟಿ ಕೆಲಸ ಅಂತ ಮನಸಲ್ಲಿಟ್ಕೊಂಡು ಮಿರ್ಜಾ ಕೇಸಲ್ಲಿ ಕಾರ್ಪೊರೇಷನ್ ಮಾಡಿದ ವಾದ ಓದಿ, ಹತ್ತು ವರ್ಷ ಅನುಭವ ಇರೋರನ್ನ 35ಕ್ಕೆ ಮನೆಗೆ ಕಳಿಸೋದ್ರಿಂದ ಪ್ರಯಾಣಿಕರಿಗೆ ಏನು ಒಳ್ಳೇದಾಗ್ತಿತ್ತು ಅನ್ನೋದಕ್ಕೆ ಉತ್ತರ ಸಿಗಲ್ಲ.

ಕೊನೆಗೆ ಬಸಿರಿನ ವಿಷಯ, ಇದು ಪ್ರಾಕ್ಟಿಕಲ್ ಆಗಿ ಗೊತ್ತಿರ್ಬೇಕು. ಗರ್ಭಿಣಿ ಅಂತ ಗೊತ್ತಾದ ತಕ್ಷಣ ಕ್ಯಾಬಿನ್ ಕ್ರೂ ಹಾರೋ ಹಾಗಿಲ್ಲ, ತಾತ್ಕಾಲಿಕವಾಗಿ ಅನ್‌ಫಿಟ್ ಅಂತ ಮಾಡ್ತಾರೆ, ಅದು ಆರೋಗ್ಯದ ದೃಷ್ಟಿಯಿಂದ ಮಾಡಿದ ನಿಯಮ, ತಪ್ಪಲ್ಲ. ಹೆರಿಗೆ ರಜೆ 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳ ಸಮೇತ, ಅದು ಖಾಸಗಿ ಕಂಪನಿಗೂ ಅನ್ವಯ. ಕಾಂಟ್ರ್ಯಾಕ್ಟ್ ಅವಧಿ ಮಧ್ಯದಲ್ಲೇ ಮುಗಿದ್ರೆ ಸೌಲಭ್ಯಾನೂ ಮುಗೀತು ಅಂತ ಹೇಳೋ ಹಾಗಿಲ್ಲ, ದೆಹಲಿಯ ಒಬ್ಬ ಗುತ್ತಿಗೆ ವೈದ್ಯೆಯ ಕೇಸಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ. ಆದ್ರೆ ಹಾರೋದು ನಿಂತ ದಿನದಿಂದ ಹೆರಿಗೆ ರಜೆ ಶುರುವಾಗೋ ತನಕ ಮಧ್ಯೆ ಐದಾರು ತಿಂಗಳು ಇರುತ್ತಲ್ಲ, ಆಗ ಗ್ರೌಂಡ್ ಡ್ಯೂಟಿ ಕೊಡ್ತಾರಾ, ಸಂಬಳ ಇಲ್ಲದ ರಜೆಗೆ ಕಳಿಸ್ತಾರಾ, ಫ್ಲೈಯಿಂಗ್ ಅಲೊವೆನ್ಸ್ ಬದಲು ಏನಾದ್ರೂ ಕೊಡ್ತಾರಾ, ವಾಪಸ್ ಬಂದಾಗ ಸೀನಿಯಾರಿಟಿ ಉಳಿಯುತ್ತಾ ಅನ್ನೋದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಆಫರ್ ಲೆಟರ್ ಕೈಗೆ ಬಂದ ದಿನವೇ ಇದನ್ನ ಎಚ್‌ಆರ್‌ಗೆ ಈಮೇಲ್‌ನಲ್ಲಿ ಕೇಳಿ, ಬಾಯಲ್ಲಿ ಹೇಳಿದ್ರೆ ಬರೆದು ಕಳಿಸಿ ಅನ್ನಿ, ಮದುವೆ ಇನ್ನೂ ದೂರ ಇದೆ ಅಂತ ಸುಮ್ನಿರ್ಬೇಡಿ.